ನೀರು ಒಳಬಾರದು, ಕೈ ಒಳಹೋಗಬೇಕು

ಕೊಳವೆಬಾವಿಗೆ ಮೋಟಾರ್ ಇಳಿಸುವಾಗ ಎಲ್ಲರ ಕಣ್ಣೂ ಪೈಪಿನ ಮೇಲೆ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೇಬಲ್ ಜಾಯಿಂಟ್ ಮಾಡುವವನ ಕಡೆ ಯಾರೂ ನೋಡುವುದಿಲ್ಲ. ನೂರಾರು ಅಡಿ ಆಳದಲ್ಲಿ, ನೀರಿನೊಳಗೆ, ವರ್ಷಗಟ್ಟಲೆ ತಾಳಬೇಕಾದದ್ದು ಅವನ ಕೈಕೆಲಸ. ಚಪ್ಪಟೆ ಕೇಬಲಿನ ಮೂರು ಎಳೆಗಳನ್ನು ಅವನು ಒಂದೇ ಅಳತೆಗೆ ಕತ್ತರಿಸುವುದಿಲ್ಲ. ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ. ಮೂರು ಜೋಡಣೆಗಳು ಅಕ್ಕಪಕ್ಕ ಬಂದು ಒಂದಕ್ಕೊಂದು ತಾಗಬಾರದು. ಎಳೆಯ ಮೇಲಿನ ಜಿಡ್ಡು, ಬೆವರು ಒರೆಸುತ್ತಾನೆ. ರಬ್ಬರ್ ಟೇಪನ್ನು ಎಳೆದೆಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತುತ್ತಾನೆ. ಅದರ ಮೇಲೆ ಪಿವಿಸಿ ಟೇಪು. ಕೆಲಸ ಬಲ್ಲವನಾದರೆ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ನೋಡದೆ ಇಳಿಸಲು ಬಿಡುವುದಿಲ್ಲ.

ಇಷ್ಟೆಲ್ಲ ಬಿಗಿ ಮಾಡಿದವನು ಕೊನೆಗೆ ಸ್ವಲ್ಪ ಕೇಬಲನ್ನು ಹೆಚ್ಚಿಗೆ ಬಿಡುತ್ತಾನೆ. ಮೋಟಾರ್ ಒಂದಲ್ಲ ಒಂದು ದಿನ ಸುಡುತ್ತದೆ, ಮೇಲೆತ್ತಬೇಕಾಗುತ್ತದೆ, ಈ ಜಾಯಿಂಟನ್ನೇ ಕತ್ತರಿಸಿ ಹೊಸದು ಹಾಕಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತು.

ಕಾಪಾಡುವುದು ಎಂದರೆ ಪೂರ್ತಿ ಮುಚ್ಚಿಬಿಡುವುದೇ? ಜೈನ ದರ್ಶನ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವ 7 ತತ್ತ್ವಗಳಲ್ಲಿ ಆಸ್ರವ ಒಂದು. ಮನಸ್ಸು, ಮಾತು, ದೇಹಗಳ ಚಟುವಟಿಕೆಯ ದಾರಿಯಲ್ಲಿ ಕರ್ಮ ಜೀವದ ಕಡೆಗೆ ಹರಿದುಬರುವುದು ಆಸ್ರವ. ಅದನ್ನು ತಡೆಯುವುದು ಸಂವರ. ಆಗಲೇ ಅಂಟಿಕೊಂಡಿರುವುದನ್ನು ಕಳೆಯುವುದು ನಿರ್ಜರೆ. ಜೈನರಿಗೆ ಕರ್ಮವೆಂಬುದು ಪಾಪಪುಣ್ಯದ ಲೆಕ್ಕವಷ್ಟೇ ಅಲ್ಲ, ಅದು ಸೂಕ್ಷ್ಮವಾದ ಪುದ್ಗಲ, ನಿಜವಾದ ದ್ರವ್ಯ. ಹಾಗಾಗಿ ಒಳಬರುವುದು, ಅಂಟುವುದು, ತಡೆಯುವುದು ಎಂಬ ಮಾತುಗಳಿಗೆ ಅಲ್ಲಿ ನೇರ ಅರ್ಥವೇ ಇದೆ. ತೂತುಬಿದ್ದ ದೋಣಿಯ ಹೋಲಿಕೆ ಆ ಪರಂಪರೆಯಲ್ಲಿ ಹಳೆಯದು: ತೂತು ಮುಚ್ಚುವುದು ಸಂವರ, ಒಳಗಿನ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ.

ಈ ಹೋಲಿಕೆಯೊಂದನ್ನೇ ಹಿಡಿದುಕೊಂಡವರಿಗೆ ಸಂವರವೆಂದರೆ ಜಗತ್ತಿಗೆ ಬಾಗಿಲು ಹಾಕಿಕೊಳ್ಳುವುದು ಎನಿಸಬಹುದು. ಗ್ರಂಥದ 9ನೆಯ ಅಧ್ಯಾಯ ಹಾಗೆ ಹೇಳುವುದಿಲ್ಲ. ಸಂವರದ ಸಾಧನಗಳನ್ನು ಎಣಿಸುವಾಗ ಅದು ಗುಪ್ತಿಯನ್ನು ಮೊದಲು ಹೇಳಿ, ಅದರ ಬೆನ್ನಿಗೇ ಸಮಿತಿಯನ್ನು ಹೇಳುತ್ತದೆ. ಗುಪ್ತಿಗಳು 3: ಮನಸ್ಸು, ಮಾತು, ದೇಹಗಳನ್ನು ಹಿಡಿದು ನಿಲ್ಲಿಸುವುದು. ಆದರೆ ನಡೆಯಬೇಕಾದ, ಉಣ್ಣಬೇಕಾದ, ಶ್ರಾವಕರೊಡನೆ ಮಾತಾಡಬೇಕಾದ ಮುನಿಗೆ ಸದಾ ಅದೇ ಸ್ಥಿತಿಯಲ್ಲಿ ಇರಲಾಗದು. ಅದಕ್ಕೇ 5 ಸಮಿತಿಗಳು: ನಡೆ, ನುಡಿ, ಆಹಾರ, ವಸ್ತುಗಳನ್ನು ಎತ್ತುವುದು ಇಡುವುದು, ಮಲಮೂತ್ರ ವಿಸರ್ಜನೆ, ಇವೆಲ್ಲವನ್ನೂ ಎಚ್ಚರದಿಂದ ಮಾಡುವುದು. ಕರ್ನಾಟಕದ ನೆಲದಲ್ಲೇ ಬಾಳಿದ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದದ್ದು ಈ ಗ್ರಂಥಕ್ಕೇ.

ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳನ್ನು ಕಂಡವರಿಗೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಕಮಂಡಲು ಕೆಳಗಿಡುವ ಮೊದಲು ಅವರು ನವಿಲುಗರಿಯ ಪಿಂಛಿಯಿಂದ ಆ ಜಾಗವನ್ನು ಮೆಲ್ಲಗೆ ಸವರುತ್ತಾರೆ. ನಡೆಯುವಾಗ ದೃಷ್ಟಿ ನಾಲ್ಕು ಮೊಳ ಮುಂದಿನ ನೆಲದ ಮೇಲೆ. ಮಳೆ ಬಿದ್ದು ನೆಲವೆಲ್ಲ ಸಣ್ಣ ಜೀವಗಳಿಂದ ತುಂಬಿದಾಗ ಚಾತುರ್ಮಾಸವೆಂದು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಮುಗಿದ ಮೇಲೆ ಮತ್ತೆ ವಿಹಾರ. ದಿನದಿನವೂ ಪ್ರತಿಕ್ರಮಣ: ಎಲ್ಲಿ ತಪ್ಪಿತು, ಎಲ್ಲಿ ಎಚ್ಚರ ಸಡಿಲವಾಯಿತು ಎಂದು ತಮ್ಮನ್ನೇ ಬಿಚ್ಚಿ ನೋಡಿಕೊಳ್ಳುವ ಕ್ರಿಯೆ. ಬಿಚ್ಚಿ ನೋಡಲಾಗದಂತೆ ಮುಚ್ಚಿಕೊಂಡವರಿಗೆ ಪ್ರತಿಕ್ರಮಣ ಸಾಧ್ಯವಿಲ್ಲ. ಈ ಲೇಖನದ ವಾದವೆಲ್ಲ ಇಲ್ಲಿದೆ.

ತೇವದ ಜೊತೆ ಸೆಣಸುವವರೂ ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದಾರೆ. ಬಿಸಿಲಿಗೆ ನಿಂತ ಜಂಕ್ಷನ್ ಬಾಕ್ಸನ್ನು ಎಷ್ಟೇ ಬಿಗಿ ಮಾಡಿದರೂ ಹಗಲು ಒಳಗಿನ ಗಾಳಿ ಹಿಗ್ಗಿ ಸಣ್ಣ ಸಂದಿನಿಂದ ಹೊರಬೀಳುತ್ತದೆ. ಸಂಜೆ ತಂಪಾದಾಗ ಅದೇ ಸಂದಿನಿಂದ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳಸೇರಿದ ನೀರಿಗೆ ಹೊರಹೋಗುವ ದಾರಿಯೇ ಇರುವುದಿಲ್ಲ. ಅದಕ್ಕೆ ಅನೇಕ ಬಾಕ್ಸುಗಳ ತಳದಲ್ಲಿ ಬೇಕೆಂದೇ ಸಣ್ಣ ತೂತು ಬಿಡುತ್ತಾರೆ, ಕೇಬಲನ್ನು ಕೆಳಗಿನಿಂದ ತರುತ್ತಾರೆ. ಟ್ರಾನ್ಸ್‌ಫಾರ್ಮರುಗಳಲ್ಲಿ (ಟಿ.ಸಿ.) ಎಣ್ಣೆ ಕಾದು ಆರುವಾಗ ಗಾಳಿ ಒಳಹೊರಗೆ ಆಡಲೆಂದು ಬ್ರೀದರ್ ಇರುತ್ತದೆ. ಅದರಲ್ಲಿನ ನೀಲಿ ಸಿಲಿಕಾ ಜೆಲ್ ತೇವ ಹೀರುತ್ತ ಗುಲಾಬಿಗೆ ತಿರುಗುತ್ತದೆ. ಬಣ್ಣ ನೋಡಿ ಬದಲಿಸುವವನು ಇದ್ದರೆ ಮಾತ್ರ ಈ ಏರ್ಪಾಡು ನಡೆಯುತ್ತದೆ. ಸೀಸದ ಹೊದಿಕೆಯ ಹಳೆಯ ಟೆಲಿಫೋನ್ ಕೇಬಲುಗಳಲ್ಲಿ ಒಣಗಾಳಿಯನ್ನು ಒತ್ತಡದಲ್ಲಿ ತುಂಬಿಡುತ್ತಿದ್ದರು. ಎಲ್ಲಾದರೂ ಬಿರುಕು ಬಿಟ್ಟರೆ ಗಾಳಿ ಹೊರನುಗ್ಗಿ ನೀರನ್ನು ತಡೆಯುತ್ತಿತ್ತು; ಒತ್ತಡ ಇಳಿದದ್ದೇ ಸೋರಿಕೆಯ ಸುಳಿವು.

ರೆಸಿನ್ ಸುರಿದು ಕಲ್ಲಾಗಿಸಿದ ಜಾಯಿಂಟೂ ಇದೆ. ಅದು ಕೆಟ್ಟರೆ ಕತ್ತರಿಸಿ ಎಸೆಯಬೇಕು ಅಷ್ಟೆ. ಮತ್ತೆಂದೂ ಮುಟ್ಟಬೇಕಾಗಿಲ್ಲದ ಕಡೆ ಅದೇ ಸರಿ. ಆದರೆ ಬೀದಿಯ ಫೈಬರ್ ಜಾಯಿಂಟಿಗೆ ಅದು ಒಗ್ಗದು. ಹೊಸ ಮನೆಗೆ ಸಂಪರ್ಕ ಕೊಡುವಾಗಲೆಲ್ಲ ಅದನ್ನು ತೆರೆಯಬೇಕು. ಹಾಗಾಗಿ ಅಲ್ಲಿ ಕ್ಲ್ಯಾಂಪು, ರಬ್ಬರಿನ ಓ-ರಿಂಗ್, ಕೇಬಲಿನ ಸುತ್ತ ಮೆತ್ತಗೆ ಕೂರುವ ಜೆಲ್. ನೀರಿನ ಪೈಪಿನಲ್ಲೂ ಹಾಗೆಯೇ: ಪಿವಿಸಿಗೆ ಸೊಲ್ಯೂಷನ್ ಹಚ್ಚಿದರೆ ಮುಗಿಯಿತು, ಆದರೆ ಪಂಪಿನ ಬಳಿ ಪ್ಲಂಬರ್ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಹಾಕುತ್ತಾನೆ.

ಮೋಕ್ಷಮಾರ್ಗದ ಗುರಿ ಪೂರ್ಣ ಸಂವರವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಜೀವ ಏರುವ ಮೆಟ್ಟಿಲುಗಳಾದ ಗುಣಸ್ಥಾನಗಳಲ್ಲಿ 14ನೆಯದಾದ ಅಯೋಗಕೇವಲಿಯಲ್ಲಿ ಮನಸ್ಸು, ಮಾತು, ದೇಹಗಳ ಚಲನೆಯೆಲ್ಲ ನಿಲ್ಲುತ್ತದೆ, ಆಸ್ರವ ಸಂಪೂರ್ಣ ಬಂದ್. ಆದರೆ ಆ ಸ್ಥಿತಿ ಇರುವುದು ಐದು ಹ್ರಸ್ವಾಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು, ಆಮೇಲೆ ಸಿದ್ಧಪದ. ಸಂಪೂರ್ಣ ಮುಚ್ಚುವಿಕೆಗೆ ಆ ದರ್ಶನ ಕೊಟ್ಟ ಜಾಗ ಅಷ್ಟೇ. ಅಲ್ಲಿಯವರೆಗಿನ ದಾರಿಯಲ್ಲಿ ಗುಪ್ತಿಯ ಜೊತೆ ಸಮಿತಿಯೂ ಬೇಕು, ಪಿಂಛಿಯೂ ಬೇಕು.

ಮುಚ್ಚಿದ್ದನ್ನು ಮತ್ತೆ ಬಿಚ್ಚಲು ದಾರಿ ಇರಬೇಕು ಎಂಬುದನ್ನು ಮನೆ ಕಟ್ಟಿಸುವವರು, ರಸ್ತೆ ಮಾಡಿಸುವವರು ಗಮನದಲ್ಲಿಟ್ಟುಕೊಳ್ಳಬೇಕು. ಚೇಂಬರಿನ ಮುಚ್ಚಳದ ಮೇಲೆ ಡಾಂಬರು ಸುರಿಯುವುದನ್ನು ನಿಲ್ಲಿಸಿ, ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತಿಸಿ. ವಾಲ್ವು, ಯೂನಿಯನ್ ಇರುವ ಕಡೆ ಟೈಲ್ಸ್ ಕೂರಿಸಬೇಡಿ, ಒಂದು ಬಾಗಿಲು ಇಡಿಸಿ. ಮುಂದೆ ಅದನ್ನು ಬಿಚ್ಚಲು ಬರುವ ಕೆಲಸಗಾರನಿಗೆ ನೀವು ಕೊಡಬೇಕಾದ ಮರ್ಯಾದೆ ಅದು.