ಆರು ಗಂಟೆಯ ಹಾದಿಯೂ ಪ್ರಯಾಣವೇ?



ಬೆಂಗಳೂರಿನ ವಿಮಾನ ನಿಲ್ದಾಣದಿಂದ ಜಿದ್ದಾದ ವಿಮಾನ ನಿಲ್ದಾಣಕ್ಕೆ ಸುಮಾರು 4,200 ಕಿಲೋಮೀಟರ್ ದೂರ. ನೇರ ವಿಮಾನಕ್ಕೆ ತಗಲುವುದು ಹೆಚ್ಚುಕಡಿಮೆ ಆರು ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಇಲ್ಲಿಂದ ಹೊರಟವನು ಅಲ್ಲಿನ ಮಧ್ಯಾಹ್ನ 1.30ರ ಸುಮಾರಿಗೆ ಇಳಿದು, ಝುಹರ್ ನಮಾಝನ್ನು ಅದರ ಸಮಯದಲ್ಲೇ ನಿರ್ವಹಿಸಬಹುದು. 1995ರ ವರೆಗೆ ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಇದೇ ಜಿದ್ದಾ ತಲುಪಲು ವಾರಕ್ಕೂ ಹೆಚ್ಚು ಕಾಲ ಬೇಕಾಗುತ್ತಿತ್ತು.

ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತ. "ಉಸ್ತಾದ್, ಮೆತ್ತನೆಯ ಆಸನ, ತಣ್ಣನೆಯ ಗಾಳಿ, ಕೂತಲ್ಲಿಗೇ ಊಟ. ಕಷ್ಟವೇ ಇಲ್ಲದ ಮೇಲೆ ನಾಲ್ಕು ರಕಅತ್ ಎರಡಾಗುವುದೇಕೆ?"

ಪ್ರಶ್ನೆ ಚಿಕ್ಕದಲ್ಲ. ಹನಫೀ ವಿದ್ವಾಂಸರು ಕಸ್ರ್‌ಗೆ ಮೂರು ದಿನಗಳ ಹಾದಿಯನ್ನೂ ಶಾಫಿಈ ವಿದ್ವಾಂಸರು ಎರಡು ಮರ್ಹಲವನ್ನೂ ಅಳತೆಯಾಗಿಟ್ಟರು. ಅಂದು ಜನರು ದೂರವನ್ನು ದಿನಗಳಿಂದಲೇ ಅಳೆಯುತ್ತಿದ್ದರು. ಇಂದು ದಿನ ಕರಗಿದೆ, ದೂರ ಹಾಗೆಯೇ ಉಳಿದಿದೆ. ಹಾಗಾದರೆ ರಿಯಾಯಿತಿ ಯಾವುದಕ್ಕೆ ಸೇರಿದ್ದು? ಏಳು ಶತಮಾನಗಳ ಹಿಂದೆಯೇ ಇಮಾಮ್ ನವವಿ(ರ) ತಮ್ಮ 'ಮಿನ್‌ಹಾಜ್'ನಲ್ಲಿ ಇದಕ್ಕೆ ಉತ್ತರವಿತ್ತಿದ್ದಾರೆ: ಸಮುದ್ರದಲ್ಲಿ ಅಷ್ಟು ದೂರವನ್ನು ಒಬ್ಬನು ಒಂದೇ ಗಳಿಗೆಯಲ್ಲಿ ಕ್ರಮಿಸಿದರೂ ಅವನಿಗೆ ಕಸ್ರ್ ಇದೆ. ವಿಮಾನದ ಕಲ್ಪನೆಯೂ ಇಲ್ಲದ ಕಾಲದ ಮಾತಿದು!

ಇದರಲ್ಲಿ ಆಳವಾದ ವಿವೇಕವಿದೆ. ಆಯಾಸವೇ ಅಳತೆಯಾಗಿದ್ದರೆ ದಿನವಿಡೀ ಮೂಟೆ ಹೊರುವ ಹಮಾಲನಿಗೆ ಮೊದಲು ರಿಯಾಯಿತಿ ಸಿಗಬೇಕಿತ್ತು. ಪ್ರತಿಯೊಬ್ಬನೂ ತನ್ನ ದಣಿವಿಗೆ ತಾನೇ ನ್ಯಾಯಾಧೀಶನಾಗುತ್ತಿದ್ದ. ಆದ್ದರಿಂದ ಧರ್ಮವು ದಣಿವನ್ನಲ್ಲ, ಪ್ರಯಾಣವನ್ನು ನೋಡಿತು. ಬಡವ-ಬಲ್ಲಿದ, ಬಲಿಷ್ಠ-ದುರ್ಬಲ ಎಲ್ಲರಿಗೂ ಒಂದೇ ನಿಯಮ.

ಭಯವಿಲ್ಲದ ಕಾಲದಲ್ಲೂ ಕಸ್ರ್ ಏಕೆಂದು ಹ. ಉಮರ್(ರ) ಅವರಿಗೂ ಅಚ್ಚರಿಯಾಗಿತ್ತು. ಅವರು ವಿಚಾರಿಸಿದಾಗ ಪ್ರವಾದಿವರ್ಯರು(ಸ), ಅದು ಅಲ್ಲಾಹನು ನಿಮಗಿತ್ತ ದಾನ, ಅದನ್ನು ಸ್ವೀಕರಿಸಿರಿ ಎಂಬರ್ಥದಲ್ಲಿ ಉತ್ತರಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ದಾನಿಯ ಮುಂದೆ, "ನನಗಿದರ ಅಗತ್ಯವಿಲ್ಲ" ಎನ್ನುವುದು ಭಕ್ತಿಯೇ? ಅದರಲ್ಲಿ ಅಹಂಕಾರದ ವಾಸನೆ ಇಲ್ಲವೇ?

ಆದರೆ ಓದುಗರೇ, ನಮ್ಮಲ್ಲಿ ಹೆಚ್ಚಿನವರ ರೋಗ ಇನ್ನೊಂದು. ನಾಲ್ಕನ್ನು ಎರಡು ಮಾಡಲು ಹಿಂಜರಿಯುವವರು ವಿರಳ. ಪ್ರಯಾಣದ ನೆಪದಲ್ಲಿ ಆ ಎರಡನ್ನೂ ಕೈಬಿಡುವವರು ಅನೇಕ. ಸರತಿ ಸಾಲಿನಲ್ಲಿ ಸಮಯ ಸಿಗಲಿಲ್ಲ, ವಿಮಾನದಲ್ಲಿ ನಿದ್ದೆ ಬಂತು, ಇಳಿದ ಮೇಲೆ ಸಾಮಾನು ಹುಡುಕಬೇಕಿತ್ತು! ವಾರ ಕಳೆದು ತಲುಪುತ್ತಿದ್ದ ಹಿರಿಯರು ಉಪ್ಪುಗಾಳಿಯಲ್ಲಿ, ಓಲಾಡುವ ಹಡಗಿನಲ್ಲಿ ಸಾಲುಗಟ್ಟಿ ನಿಂತರು. ಆರು ಗಂಟೆಯಲ್ಲಿ ತಲುಪುವ ನಮಗೆ ಐದು ನಿಮಿಷ ಸಿಗುವುದಿಲ್ಲ.

ಹಡಗಿನ ದಿನಗಳು ವಿಮಾನದ ಗಂಟೆಗಳಾದಾಗ ಉಳಿದ ಸಮಯ ಯಾರದು? ಅದು ನಾವು ಸಂಪಾದಿಸಿದ್ದಲ್ಲ, ನಮ್ಮ ಕೈಗೆ ಬಂದ ಅಮಾನತ್ತು. ನಾಳೆ ಪರಲೋಕದಲ್ಲಿ ಆಯುಸ್ಸಿನ ಲೆಕ್ಕ ಕೊಡುವಾಗ ಈ ಗಂಟೆಗಳೂ ಅದರಲ್ಲಿ ಸೇರಿರುತ್ತವೆ.

ರಿಯಾಯಿತಿಯನ್ನು ಕೃತಜ್ಞತೆಯಿಂದ ಸ್ವೀಕರಿಸುವ, ಉಳಿದ ಕರ್ತವ್ಯವನ್ನು ನಿಷ್ಠೆಯಿಂದ ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.