ಆಟದ ರಾತ್ರಿ ಅಡುಗೆ ಯಾರದು?

ಯುಗಾದಿಗೆ ನನ್ನ ತಂಗಿಯ ಮಗಳು ಚಳ್ಳಕೆರೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಕಂಪನಿಯವರು ಅವಳನ್ನು ಎರಡು ತಿಂಗಳ ಮಟ್ಟಿಗೆ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್‌ಗೆ ಕಳಿಸಿದ್ದರಂತೆ. ಹಬ್ಬದ ಮಾರನೆಯ ದಿನ ಸಂಜೆ ಜಗಲಿಯ ಮೇಲೆ ಕುಳಿತು ನಾನು ಶೇಂಗಾ ಸುಲಿಯುತ್ತಿದ್ದೆ, ಅವಳು ಅಲ್ಲಿಯ ಕಥೆ ಹೇಳುತ್ತಿದ್ದಳು. ಎಣ್ಣೆಗಿರಣಿಗಳ ನಮ್ಮ ಊರಿನಲ್ಲಿ ಯಾವ ಕಥೆ ಕೇಳುವಾಗಲೂ ಕೈಯಲ್ಲಿ ಶೇಂಗಾ ಇದ್ದರೇನೇ ಸಮಾಧಾನ.

“ದೊಡ್ಡಮ್ಮ, ಅಲ್ಲಿ ಟ್ಯಾಂಗೊ ಅಂತ ಒಂದು ಕುಣಿತ. ಗಂಡು ಹೆಣ್ಣು ಜೊತೆಯಾಗಿ ಕುಣಿಯೋದು. ಅದನ್ನ ನೋಡೋಕೆ ಒಂದು ಸಂಜೆ ಮೊದಲೇ ಗೊತ್ತು ಮಾಡ್ಕೊಂಡು ಹೋದ್ವಿ. ಹೋಟೆಲಿಗೇ ಗಾಡಿ ಬರುತ್ತೆ. ದೊಡ್ಡ ಹಾಲಿನಲ್ಲಿ ಮೇಜು ಹಾಕಿರ್ತಾರೆ. ಮೊದಲು ಊಟ, ಆಮೇಲೆ ಆಟ. ಬರೀ ಆಟ ಸಾಕು ಅಂದ್ರೆ ಟಿಕೆಟ್ಟು ಕಡಿಮೆ.”

ಊಟ, ಆಟ ಎಂಬ ಎರಡು ಪದಗಳು ಅವಳ ಬಾಯಲ್ಲಿ ಅಕ್ಕಪಕ್ಕ ಬಂದು ಕುಳಿತದ್ದು ನನಗೆ ಬಹಳ ಹಿಡಿಸಿತು. ಟ್ಯಾಂಗೊ ಬಗ್ಗೆ ಅವಳು ಇನ್ನಷ್ಟು ಹೇಳಿದಳು. ಸುಮಾರು ನೂರೈವತ್ತು ವರ್ಷದ ಹಿಂದೆ ಬಂದರಿನ ಬಡಕೇರಿಗಳಲ್ಲಿ, ಹೊಟ್ಟೆಪಾಡಿಗಾಗಿ ಯೂರೋಪಿನಿಂದ ಬಂದವರು ಮತ್ತು ಗುಲಾಮರಾಗಿ ತಂದಿದ್ದ ಆಫ್ರಿಕಾದವರ ಮಕ್ಕಳು ಮೊಮ್ಮಕ್ಕಳು ಸೇರಿ ಕಟ್ಟಿದ ಕುಣಿತ ಅದು. ಹೆಂಗಸರ ಸಂಖ್ಯೆ ಕಡಿಮೆಯಿದ್ದುದರಿಂದ ಗಂಡಸರೇ ಗಂಡಸರ ಜೊತೆ ಅಭ್ಯಾಸ ಮಾಡುತ್ತಿದ್ದರಂತೆ. ಮರ್ಯಾದಸ್ಥರು ಅತ್ತ ತಲೆ ಹಾಕುತ್ತಿರಲಿಲ್ಲ. 1913ರ ಸುಮಾರಿಗೆ ಪ್ಯಾರಿಸ್ಸಿನ ಶ್ರೀಮಂತರು ಅದಕ್ಕೆ ಮರುಳಾದ ಮೇಲೆ ಊರಿನ ದೊಡ್ಡವರಿಗೂ ಅದು ದೊಡ್ಡದಾಗಿ ಕಂಡಿತು. 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೇ ಸೇರಿಸಿತು.

“ಊರಿನವರು ಈ ಊಟದ ಆಟಕ್ಕೆ ಹೆಚ್ಚು ಬರಲ್ಲ ದೊಡ್ಡಮ್ಮ. ಇದು ನಮ್ಮಂಥ ಹೊರಗಿನವರಿಗೆ. ಅವರು ಕುಣಿಯೋ ಜಾಗಗಳೇ ಬೇರೆ” ಎಂದೂ ಹೇಳಿದಳು.

ನಮ್ಮ ಮೂಡಲಪಾಯ ಬಯಲಾಟದ ಕಥೆಯೂ ಇದಕ್ಕೆ ದೂರವಿಲ್ಲವಲ್ಲ ಎನಿಸಿತು. ಅದೂ ಉಳುವವರ, ಕುರಿ ಕಾಯುವವರ ಆಟ. ಅದರಲ್ಲೂ ಗಂಡಸರೇ ದ್ರೌಪದಿ, ಗಂಡಸರೇ ಸುಭದ್ರೆ. ಆ ಗಳಿಗೆಯಲ್ಲೇ ನನಗೊಂದು ಆಸೆ ಹುಟ್ಟಿತು. ಹದಿನೈದು ದಿನ ಕಳೆದರೆ ತಾಲ್ಲೂಕಿನಲ್ಲೇ ಇರುವ ನನ್ನ ತವರೂರಿನಲ್ಲಿ ಆಟ. ನಾವು ಹೆಂಗಸರೇ ಒಂದು ಗಾಡಿ ಮಾಡಿಕೊಂಡು, ಊಟ ಕಟ್ಟಿಸಿಕೊಂಡು ಹೋಗಿ ಬೆಳಗಿನ ಮಂಗಳದವರೆಗೆ ಕುಳಿತು ನೋಡಿದರೆ ಹೇಗೆ? ನಮ್ಮ ಶಾಲೆಯ ಟೀಚರುಗಳು, ಪಕ್ಕದ ಮನೆಯವರು, ನಾನು, ತಂಗಿಯ ಮಗಳು, ಎಪ್ಪತ್ತೆಂಟು ವರ್ಷದ ನಮ್ಮ ಅವ್ವ. ಎಂಟು ಜನರ ಪಟ್ಟಿಯಾಯಿತು.

ಅವ್ವನಿಗೆ ಹೇಳಿದೆ. ಅವಳು ಕೇಳಿದ ಮೊದಲ ಮಾತು: “ಅಡಿಗೆ ಯಾರು ನೋಡ್ಕೊಂತಾರೆ?”

ಈ ಮಾತಿಗೆ ನಾನು ನಕ್ಕುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅದೇ ಮಾತು ನಿದ್ದೆ ಕೆಡಿಸಿತು.

ನಮ್ಮ ಅಪ್ಪ ಊರಿನ ಆಟದಲ್ಲಿ ಭೀಮ. ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಗುಡಿಯ ಮುಂದೆ ತಾಲೀಮು. ಆಟ ಕಲಿಸುವ ಭಾಗವತರಿಗೆ ಸರದಿಯ ಮೇಲೆ ಮನೆಮನೆಯಲ್ಲಿ ಊಟ. ಆಟದ ದಿನವಂತೂ ನಾಲ್ಕಾರು ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ನೆಂಟರು ಬಂದಿಳಿಯುವರು. ಮಕ್ಕಳಾದ ನಾವು ಸಂಜೆಯೇ ಹೋಗಿ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದೆವು. ಭೀಮನ ಕಿರೀಟ, ಭುಜಕೀರ್ತಿ, ಮುಖವೀಣೆಯ ದನಿ, ಮದ್ದಲೆಯ ಪೆಟ್ಟು ಎಲ್ಲವೂ ನನ್ನ ಕಣ್ಣಿಗೆ ಇಂದಿಗೂ ಕಟ್ಟಿದಂತಿವೆ. ಆದರೆ ಆ ಯಾವ ನೆನಪಿನಲ್ಲೂ ನನ್ನ ಪಕ್ಕದಲ್ಲಿ ಅವ್ವ ಇಲ್ಲ. ಅವಳು ಒಲೆಯ ಮುಂದೆ ಇದ್ದಳು. ಒಂದು ಪಂಕ್ತಿ ಎದ್ದರೆ ಇನ್ನೊಂದು ಪಂಕ್ತಿ. ಪಾತ್ರೆ ತೊಳೆದು, ಬೆಳಗಿನ ಹಿಟ್ಟಿಗೆ ಎಸರಿಡುವ ಹೊತ್ತಿಗೆ ಅಲ್ಲಿ ಮಂಗಳ. ಗಂಡನ ಭೀಮನನ್ನು ಅವಳು ಒಂದು ಸಲವಾದರೂ ಪೂರ್ತಿ ನೋಡಿದ್ದಳೇ?

ಬೆಳಿಗ್ಗೆ ಕೇಳಿಯೇಬಿಟ್ಟೆ. “ಕೇಳೀನಿ ಕಣೆ. ನೋಡಿಲ್ಲ. ಅಡಿಗೆಮನೇಗೆ ಎಲ್ಲಾ ಕೇಳಿಸ್ತಿತ್ತು” ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ದೂರಿಲ್ಲದ್ದೇ ನನಗೆ ಹೆಚ್ಚು ನೋವಾಯಿತು.

ಹಾಗಾದರೆ ಈ ಸಲ ಅವ್ವ ಮೊದಲ ಸಾಲಿನಲ್ಲಿ ಕೂರಲೇಬೇಕು ಎಂದುಕೊಂಡು ಹುರುಪಿನಿಂದ ಏರ್ಪಾಟಿಗೆ ಇಳಿದೆ. ಅಡುಗೆಗೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕನನ್ನು ಕೇಳಿದೆ. ನಮ್ಮ ಜೊತೆಯಲ್ಲೇ ಬಂದು, ತವರುಮನೆಯ ಹಿತ್ತಿಲಲ್ಲಿ ಒಲೆ ಹೂಡಿ, ರಾತ್ರಿ ಬಿಸಿಬಿಸಿಯಾಗಿ ಮಾಡಿ ಬಡಿಸಬೇಕು. ದುಡ್ಡು ಕೊಡುವುದಾಗಿ ಹೇಳಿದೆ. ಆಕೆ ಸಂತೋಷದಿಂದಲೇ ಒಪ್ಪಿದಳು. ಹೋಗುವಾಗ ತಿರುಗಿ ನಿಂತು, “ಸಣ್ಣೋಳಿದ್ದಾಗ ನಂಗೂ ಆಟ ಅಂದ್ರೆ ಪ್ರಾಣ ಮೇಡಂ. ಇರ್ಲಿ ಬಿಡ್ರಿ, ಅಡಿಗೆ ಮಾಡ್ತಾನೇ ಕೇಳ್ತೀನಿ” ಎಂದಳು.

ನಾನು ನಿಂತಲ್ಲೇ ನಿಂತೆ. ಅವ್ವನನ್ನು ಅಡುಗೆಮನೆಯಿಂದ ಎಬ್ಬಿಸಿ ತರುವ ಉತ್ಸಾಹದಲ್ಲಿ ಅದೇ ಒಲೆಯ ಮುಂದೆ ಇನ್ನೊಬ್ಬ ಹೆಂಗಸನ್ನು ಕೂರಿಸಲು ಹೊರಟಿದ್ದೆನಲ್ಲ!

ಓದುವ ನಿಮಗೆ ಇದು ಅತಿಯಾಯಿತು ಎನಿಸಬಹುದು. ನಮ್ಮ ಸ್ಟಾಫ್ ರೂಮಿನಲ್ಲೂ ಹಾಗೇ ಎಂದರು. ತಂಗಿಯ ಮಗಳ ವಾದವೂ ಸರಳವಾಗಿತ್ತು. “ದುಡ್ಡು ಕೊಡ್ತೀಯಲ್ಲ ದೊಡ್ಡಮ್ಮ, ಅದು ಅವರ ಕೆಲಸ. ನಾವು ಟಿಕೆಟ್ಟು ತಗೊಂಡಾಗ ಕುಣಿಯೋರದ್ದೂ ಬಡಿಸೋರದ್ದೂ ಲೆಕ್ಕ ಮುಗೀತು.” ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳದೆಂದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತಿದೆ: ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ದುಡಿದವರಿಗೆ ದುಡಿದಷ್ಟು ಸಲ್ಲಲಿ ಎಂಬುದು ಸಣ್ಣ ಧರ್ಮವಲ್ಲ. ಎಷ್ಟೋ ಮನೆಗಳಲ್ಲಿ ಅಷ್ಟೂ ಸಲ್ಲುವುದಿಲ್ಲ. ಅವ್ವನಿಗೆ ಏನು ಸಂದಿತ್ತು?

ಮೊಳಕಾಲ್ಮೂರಿನವರಾದ ನಮ್ಮ ಸಹೋದ್ಯೋಗಿಯೊಬ್ಬರು ಇನ್ನೂ ಗಟ್ಟಿಯಾದ ಮಾತು ಹೇಳಿದರು. ಅವರದು ನೇಕಾರರ ಮನೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದದ್ದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಾರೆ. “ನೇಯೋರು ಒಬ್ಬರು, ಉಡೋರು ಇನ್ನೊಬ್ಬರು ಮೇಡಂ. ನಮ್ಮತ್ತೆ ಆಯಸ್ಸೆಲ್ಲಾ ಕಂಡಿಕೆ ಸುತ್ತಿದ್ರು, ಅಂಥಾ ಸೀರೆ ಉಟ್ಟಿದ್ದು ಎರಡೋ ಮೂರೋ. ಪಾಪ ಅಂತ ನೀವು ಉಡೋದು ಬಿಟ್ರೆ ನಮ್ಮ ಮಗ್ಗ ನಿಂತು ಹೋಗುತ್ತೆ. ನೀವು ಮರುಗಿದ್ದಕ್ಕೆ ನಮ್ಮ ಹೊಟ್ಟೆ ತುಂಬಲ್ಲ.”

ಈ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ನಿಜ. ಸಂತೋಷವನ್ನು ಬಿಟ್ಟುಬಿಟ್ಟರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಟ್ಯಾಂಗೊ ನೋಡುವವರಿಲ್ಲದಿದ್ದರೆ ಕುಣಿಯುವವರು ಎಲ್ಲಿಗೆ ಹೋಗಬೇಕು?

ಸಮಾಜ ವಿಜ್ಞಾನ ಪಾಠ ಮಾಡುವವಳಾದ್ದರಿಂದ ಇಂಥ ಹೊತ್ತಿನಲ್ಲಿ ನನಗೆ ಅಶೋಕ ನೆನಪಾಗುತ್ತಾನೆ. ಎಷ್ಟೋ ವರ್ಷಗಳಿಂದ ಮಕ್ಕಳನ್ನು ಬಸ್ಸಿನಲ್ಲಿ ತಳಕು, ಬಿ.ಜಿ. ಕೆರೆ ದಾಟಿಸಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದಿದ್ದೇನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ, ಗುರುಗಳನ್ನು ಗೌರವಿಸಿ ಎಂಬುದು ಅಲ್ಲಿಯ ಉಪದೇಶದ ಸಾರ. ಕೊನೆಯದನ್ನು ನಾನು ಮಕ್ಕಳಿಗೆ ಸ್ವಲ್ಪ ಒತ್ತಿಯೇ ಹೇಳುತ್ತೇನೆ, ಅದು ಬೇರೆ ಮಾತು.

ಆದರೆ ಆ ದಿನ ನೆನಪಾದದ್ದು ಅವನ ಇನ್ನೊಂದು ಶಾಸನ. ಆಂಧ್ರದ ಗುತ್ತಿಯ ಬಳಿಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ದೊಡ್ಡ ಶಾಸನಗಳೂ ಇವೆ. ಅದರಲ್ಲಿ ಮೊದಲನೆಯದರಲ್ಲಿ ಅಶೋಕ, ಜನ ನೆರೆದು ನಲಿಯುವ ‘ಸಮಾಜ’ಗಳನ್ನು ನಡೆಸಕೂಡದು, ಅವುಗಳಲ್ಲಿ ಬಹಳ ದೋಷ ಕಾಣುತ್ತೇನೆ ಎನ್ನುತ್ತಾನೆ. ಕೂಡಲೇ, ಒಳ್ಳೆಯವೆಂದು ತಾನು ಒಪ್ಪುವ ಸಮಾಜಗಳೂ ಕೆಲವಿವೆ ಎಂದು ಸೇರಿಸುತ್ತಾನೆ. ಇದರ ಬೆನ್ನಲ್ಲೇ ಬರುವುದು ಅವನ ಅಡುಗೆಮನೆಯ ಮಾತು! ಮೊದಲು ಅರಮನೆಯ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎನ್ನುತ್ತಾನೆ.

ಈ ಶಾಸನವನ್ನು ಎಷ್ಟು ಸಲ ಪಾಠ ಮಾಡಿದ್ದರೂ ನಲಿವಿನ ಕೂಟ ಮತ್ತು ಅಡುಗೆಮನೆ ಒಂದೇ ಬಂಡೆಯ ಮೇಲೆ ಏಕೆ ಕೂತಿವೆ ಎಂದು ನಾನು ಯೋಚಿಸಿರಲಿಲ್ಲ. ಚಕ್ರವರ್ತಿಯ ಮನಸ್ಸಿನಲ್ಲಿದ್ದುದು ಪ್ರಾಣಿಹಿಂಸೆ. ನನ್ನ ಮನಸ್ಸಿನಲ್ಲಿದ್ದುದು ಒಲೆಯ ಮುಂದಿನ ಹೆಂಗಸು. ಆದರೂ ಕೇಳಬೇಕಾದ ಪ್ರಶ್ನೆ ಒಂದೇ ಎನಿಸಿತು. ಈ ನಲಿವಿನ ವೆಚ್ಚವನ್ನು ಹಿತ್ತಿಲ ಕಡೆಯಲ್ಲಿ ಭರಿಸುತ್ತಿರುವವರು ಯಾರು? ನಲಿವು ಬೇಡವೆನ್ನುವುದು ಸುಲಭ. ವೆಚ್ಚವನ್ನು ಎಣಿಸಿ ಕಡಿಮೆ ಮಾಡುತ್ತ ಹೋಗುವುದು ಕಷ್ಟ. ಅಷ್ಟು ದೊಡ್ಡ ರಾಜನಿಗೂ ಎರಡು ನವಿಲು, ಒಂದು ಜಿಂಕೆ ಇನ್ನೂ ಉಳಿದೇ ಇದ್ದವು.

ಮೊಳಕಾಲ್ಮೂರಿನ ಟೀಚರ್ ಕೇಳಿದ್ದಕ್ಕೆ ಆಗ ಉತ್ತರ ಸಿಕ್ಕಿತು. ಒಬ್ಬರು ನೇಯ್ದು ಇನ್ನೊಬ್ಬರು ಉಡುವುದು ತಪ್ಪಲ್ಲ. ನೇಯುವವರು ಯಾವಾಗಲೂ ಅವರೇ, ಉಡುವವರು ಯಾವಾಗಲೂ ಇವರೇ ಆಗಿಬಿಟ್ಟರೆ ಅದು ತಪ್ಪು. ಭಾಗವತರ ಊಟಕ್ಕೆ ಊರಿನಲ್ಲಿ ಸರದಿ ಇತ್ತು. ಒಲೆಯ ಮುಂದೆ ಕೂರುವುದಕ್ಕೆ ಮಾತ್ರ ಸರದಿ ಇರಲಿಲ್ಲ.

ಏರ್ಪಾಟು ಬದಲಾಯಿತು. ರಾತ್ರಿ ಒಲೆ ಹಚ್ಚುವುದೇ ಬೇಡ ಎಂದೆ. ಮಧ್ಯಾಹ್ನ ನಮ್ಮ ಮನೆಯಲ್ಲೇ ಎಲ್ಲರೂ ಸೇರಿ ಚಿತ್ರಾನ್ನ, ಮೊಸರುಬುತ್ತಿ ಕಲಸುವುದು, ರೊಟ್ಟಿ ಬಡಿಯುವುದು, ಶೇಂಗಾ ಚಟ್ನಿಪುಡಿ ಕಟ್ಟುವುದು. ಬಿಸಿಯೂಟದ ಅಕ್ಕನಿಗೆ ಮಧ್ಯಾಹ್ನದ ಕೂಲಿ, ರಾತ್ರಿ ನಮ್ಮ ಸಾಲಿನಲ್ಲೇ ಜಾಗ. ಹೀಗೆಂದಾಗ ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದರು: “ಅಲ್ರೀ, ನಾವು ಬಂದ್ರೆ ನಮ್ಮ ಮನೆಗಳ ರಾತ್ರಿ ಊಟ?” ನೋಡಿ, ಒಂದು ಒಲೆ ಆರಿಸಲು ಹೋದರೆ ಎಂಟು ಒಲೆಗಳು ಎದ್ದು ನಿಂತವು. ನಮ್ಮ ಮನೆಯವರು “ಅನ್ನ ನಾನೇ ಮಾಡ್ಕೊತೀನಿ, ನೀರೆಷ್ಟು ಹಾಕ್ಬೇಕು ಬರೆದಿಟ್ಟು ಹೋಗು” ಎಂದರು. ಬರೆದಿಡಲಿಲ್ಲ. ಒಂದು ರಾತ್ರಿ ಮುದ್ದೆಯಾದ ಅನ್ನ ತಿಂದರೆ ಏನಾದೀತು ಎಂದುಕೊಂಡೆ. ಇನ್ನಿಬ್ಬರ ಮನೆಯವರು ಹೋಟೆಲಿಗೆ ಹೋಗುವುದಾಗಿ ಒಪ್ಪಿದರು. ಪಕ್ಕದ ಮನೆಯಾಕೆ ಮಾತ್ರ ಕೊನೆಗೂ ಬರಲಾಗಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಒಂದು ರಾತ್ರಿ ನೋಡಿಕೊಳ್ಳುವವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ನಮ್ಮ ಸರದಿಯ ಸಿದ್ಧಾಂತ ಆ ಬಾಗಿಲವರೆಗೆ ಹೋಗಿ ನಿಂತುಬಿಟ್ಟಿತು.

ಆಟ ಶುರುವಾದದ್ದು ರಾತ್ರಿ ಹತ್ತರ ಮೇಲೆ. ದ್ರೌಪದಿ ವಸ್ತ್ರಾಪಹರಣ ಪ್ರಸಂಗ. ಅವ್ವನನ್ನು ಮುಂದೆ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದೆ. ಪಕ್ಕದಲ್ಲಿ ಬಿಸಿಯೂಟದ ಅಕ್ಕ. ವೇಷ ಬಾಯಿ ತೆರೆಯುವ ಮೊದಲೇ ಅವ್ವನ ತುಟಿಯಲ್ಲಿ ಪದ ಅಲುಗಾಡುತ್ತಿತ್ತು. ಐವತ್ತು ವರ್ಷದ ಹಿಂದೆ ಗೋಡೆಯಾಚೆಯಿಂದ ಕೇಳಿದ ಪದಗಳು! ನಡುರಾತ್ರಿ ಮಂಡಕ್ಕಿ ಮೆಣಸಿನಕಾಯಿ ತರಲು ಎದ್ದೆ. ಬಾಣಲೆಯ ಮುಂದಿದ್ದ ಹೆಂಗಸು ರಂಗಕ್ಕೆ ಬೆನ್ನು ಮಾಡಿ ಕುಳಿತಿದ್ದಳು. ಭೀಮ ಗರ್ಜಿಸಿದಾಗ ಜಾರ ಹಿಡಿದುಕೊಂಡೇ ಒಮ್ಮೆ ತಿರುಗಿ ನೋಡಿದಳು. ಇವು ನಮ್ಮ ಎರಡು ನವಿಲು, ಒಂದು ಜಿಂಕೆ ಎಂದುಕೊಂಡು ಪೊಟ್ಟಣ ಹಿಡಿದು ಬಂದೆ.

“ಹೆಂಗೈತೆ ಅವ್ವಾ?” ಎಂದು ಕೇಳಿದೆ.

“ಚೆನ್ನಾಗೈತೆ. ಆದ್ರೆ ನಾನು ಒಳಗಿದ್ದು ಕೇಳ್ತಿದ್ನಲ್ಲ, ಆಗ ಭೀಮ ಇದಕ್ಕಿಂತ ಎತ್ತರ ಇದ್ದ” ಎಂದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ತಡವಾಗಿ ಕೊಟ್ಟದ್ದು ಕೊಟ್ಟಂತೆ ಆಗುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ಕೈ ಹಿಡಿದು ಕೇಳಿದಳು: “ಆ ಹುಡುಗ್ರು ಉಂಡವಾ?”

ತಂಗಿಯ ಮಗಳು ನನ್ನ ಮುಖ ನೋಡಿದಳು. “ಅಲ್ಲಿ ನಾವು ಉಣ್ತಾ ಕೂತಿದ್ವಿ. ಕುಣಿಯೋರು ಉಂಡಿದ್ರೋ ಇಲ್ವೋ, ಕೇಳ್ಬೇಕು ಅಂತಾನೇ ಹೊಳೀಲಿಲ್ಲ ದೊಡ್ಡಮ್ಮ” ಎಂದಳು.

ನಾವಿಬ್ಬರೂ ಎದ್ದು ಬಣ್ಣ ಹಚ್ಚುವ ಮನೆಯ ಕಡೆ ಹೋದೆವು. ದ್ರೌಪದಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಮುಖದ ಬಣ್ಣ ಕೆಡದಂತೆ ಬಾಯಿ ಅಗಲಿಸಿ ತುತ್ತು ಇಟ್ಟುಕೊಳ್ಳುತ್ತಿದ್ದ. ನಮ್ಮನ್ನು ಕಂಡವನೇ ತಟ್ಟೆ ಸರಿಸಿ ಜಾಗ ಮಾಡಿ, “ಬರ್ರಿ ಅಮ್ಮಾ, ಉಣ್ಣಾನ” ಎಂದ.