ಇಂದಿನ ಧಮ್ಮ ಚಿಂತನೆ: ಜನವರಿಯ ಬೆಂಕಿ, ಜುಲೈಯ ಲೆಕ್ಕ

 



ಕಳೆದ ಭಾನುವಾರ ವಿಹಾರದಲ್ಲಿ ಸಮ್ಮಾ ಆಜೀವದ ಪಾಠ ಇತ್ತು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಓದಿದೆವು: ಆಯುಧ, ಜೀವಿಗಳು, ಮಾಂಸ, ಮಾದಕ ಪದಾರ್ಥ, ವಿಷ. ಅದೇ ವಾರ ನಮ್ಮ ಗ್ರೂಪಿನಲ್ಲಿ ಯಾರೋ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ವಿಡಿಯೋ ಹಾಕಿದ್ದರು. ಹಿಮ, ಕಪ್ಪು ಹೊಗೆ, ಹೊಗೆಯ ನಡುವೆ ಬೌದ್ಧ ವಿಹಾರದ ಚಾವಣಿ. ನರ್ಸಿಂಗ್ ಓದುವ ಹುಡುಗಿ ಒಬ್ಬಳು ಅದನ್ನು ತೋರಿಸಿ ನನ್ನನ್ನೇ ಕೇಳಿದಳು: "ಕಾಕಾ, ಬೌದ್ಧರ ದೇಶದಾಗ ಹಿಂಗ ಕಲ್ಲಿದ್ದಲು ಸುಡ್ತಾರ. ನೀವೂ ಇಪ್ಪತ್ತೆಂಟು ವರ್ಷ ಅದನ್ನ ಸುಟ್ಟೀರಿ. ಇದು ವಿಷದ ವ್ಯಾಪಾರ ಅಲ್ಲೇನ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಒಂದು ವಾರ ಟೈಮ್ ಕೊಡವ್ವಾ ಅಂದೆ.

ನಾನು ಉಲಾನ್‌ಬಾತರ್ ಕಂಡವನಲ್ಲ, ಓದಿ ತಿಳಿದದ್ದು. ಆದರೆ ಬಾಯ್ಲರ್ ಗೊತ್ತು, ಹಾಗಾಗಿ ಓದಿದ್ದು ಬೇಗ ಅರ್ಥವಾಯಿತು. ಜಗತ್ತಿನ ರಾಜಧಾನಿಗಳಲ್ಲೇ ಅತಿ ಚಳಿಯ ಊರು ಅದು. ಜನವರಿ ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಸೋವಿಯತ್ ಕಾಲದಲ್ಲಿ ಕಟ್ಟಿದ ಕಲ್ಲಿದ್ದಲು ಸ್ಥಾವರಗಳು ಊರನ್ನು ಕಾಯುತ್ತವೆ. ಮೂರನೆಯದು 1968ರದು, ಎಲ್ಲಕ್ಕಿಂತ ದೊಡ್ಡದಾದ ನಾಲ್ಕನೆಯದು 1983ರದು. ಬಗನೂರ್, ಶಿವೀ-ಓವೋ ಗಣಿಗಳಿಂದ ಕಂದು ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ.

ನಮ್ಮ ಸ್ಥಾವರಕ್ಕೂ ಅವರದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಾವು ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ವಿದ್ಯುತ್ ಆಗುತ್ತಿತ್ತು. ಉಳಿದದ್ದರಲ್ಲಿ ಬಹುಪಾಲನ್ನು ಕೂಲಿಂಗ್ ಟವರ್‌ನಲ್ಲಿ ಗಾಳಿಗೆ ಬಿಡುತ್ತಿದ್ದೆವು. (ಅಷ್ಟು ಶಾಖ ಚೆಲ್ಲಿ, ಕ್ವಾರ್ಟರ್ಸಿಗೆ ಬಂದು ಸ್ನಾನಕ್ಕೆ ಗೀಸರ್ ಹಾಕುತ್ತಿದ್ದೆವು!) ಅಲ್ಲಿ ಹಾಗಲ್ಲ. ಟರ್ಬೈನ್ ತಿರುಗಿಸಿದ ಹಬೆಯಿಂದಲೇ ನೀರು ಕಾಯಿಸಿ, ಪೈಪುಗಳಲ್ಲಿ ಊರ ತುಂಬ ಹರಿಸಿ, ಅಪಾರ್ಟ್‌ಮೆಂಟುಗಳನ್ನು ಬೆಚ್ಚಗಿಡುತ್ತಾರೆ. ಸೆಪ್ಟೆಂಬರ್ ಮಧ್ಯದಿಂದ ಮೇ ಮಧ್ಯದವರೆಗೆ ಎಂಟು ತಿಂಗಳು ಆ ನೀರು ನಿಲ್ಲುವಂತಿಲ್ಲ.

ನಮ್ಮ ಯೂನಿಟ್ ಟ್ರಿಪ್ ಆದರೆ ಊರಲ್ಲಿ ಫ್ಯಾನ್ ನಿಲ್ಲುತ್ತಿತ್ತು, ಜನ ಬೈಯುತ್ತಿದ್ದರು, ಅಷ್ಟೇ. ಅಲ್ಲಿ ಜನವರಿಯಲ್ಲಿ ಬಿಸಿನೀರು ನಿಂತರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಮಕ್ಕಳು, ಮುದುಕರು, ಬಾಣಂತಿಯರು ಇರುವ ಮನೆಗಳು ಐಸ್ ಪೆಟ್ಟಿಗೆಗಳಾಗುತ್ತವೆ. 1990ರ ದಶಕದಲ್ಲಿ, ಸೋವಿಯತ್ ನೆರವು ನಿಂತು ಬಡತನ ಬಿದ್ದಾಗ, ಮನೆಯಿಲ್ಲದ ಮಕ್ಕಳು ಮ್ಯಾನ್‌ಹೋಲಿಗೆ ಇಳಿದು ಆ ಬಿಸಿ ಪೈಪುಗಳಿಗೆ ಅಂಟಿಕೊಂಡು ಚಳಿಗಾಲ ಕಳೆದರು. ಆ ಮಕ್ಕಳಿಗೆ ಕಲ್ಲಿದ್ದಲು ವಿಷವೋ ಅಮ್ಮನ ಮಡಿಲೋ? ನಾನು ತೀರ್ಪು ಕೊಡಲಾರೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯ ಬಗ್ಗೆ ಹೇಳಿದ್ದು ನೆನಪಿರಬೇಕು. ಬುದ್ಧರು ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ವವಾಗಿ ಕೊಟ್ಟರು. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಅವರು ವಿವರಿಸುತ್ತಾರೆ. ನಿಯಮವಾದರೆ ನಮಗೆ ಯೋಚಿಸುವ ಕೆಲಸವಿಲ್ಲ, ತತ್ವವಾದರೆ ಪ್ರತಿ ಸಲವೂ ಯೋಚಿಸಬೇಕು. ಸುಡುವುದಕ್ಕೂ ಈ ಅಳತೆಗೋಲು ಹಿಡಿಯಬಹುದು ಅನ್ನಿಸಿತು. ಜನವರಿ ರಾತ್ರಿ ಆ ಬಾಯ್ಲರ್ ಉರಿಸುವವನದು ಅಗತ್ಯ. ಹೊಗೆ ಪಾಪ ಎಂದು ಅವನು ಅದನ್ನು ಆರಿಸಿದರೆ ಅದೇ ಹಿಂಸೆ.

ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಹಿತವಾಗಿತ್ತು. ಆದರೆ ಆ ಊರಿನ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಪೈಪೇ ಇಲ್ಲ. ಅವರು ಸುತ್ತಲಿನ ಗುಡ್ಡಗಳ ಮೇಲೆ ಗೆರ್ ಎಂಬ ಉಣ್ಣೆಯ ದುಂಡನೆ ಗುಡಾರಗಳಲ್ಲಿ, ಸಣ್ಣ ಮನೆಗಳಲ್ಲಿ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಕುರಿ ಕುದುರೆ ಕಾಯುತ್ತಿದ್ದವರು. 2009-10ರ ಒಂದೇ ಕಡು ಚಳಿಗಾಲದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು, ಬರಿಗೈಯಾದವರು ಊರಿಗೆ ಬಂದರು. ಅವರ ಮನೆಯಲ್ಲಿ ಕಲ್ಲಿದ್ದಲಿನ ಒಲೆ. ಚಳಿಗಾಲದ ಕಪ್ಪು ಹೊಗೆಯ ದೊಡ್ಡ ಪಾಲು ಆ ಒಲೆಗಳದ್ದು, ಇದು ನಿಜ. ಸ್ಥಾವರದ ಚಿಮಣಿ ಎತ್ತರ, ಹೊಗೆಯನ್ನು ದೂರ ಒಯ್ಯುತ್ತದೆ. ಒಲೆಯ ಕೊಳವೆ ಆಳೆತ್ತರದಲ್ಲೇ ಮೂಗಿಗೆ ಬಿಡುತ್ತದೆ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಶಾಖ ಕಡಿಮೆ ಮಾಡುವ ತಿರುಪೂ ಇಲ್ಲ, ಸೆಕೆಯಾದರೆ ಕಿಟಕಿ ತೆರೆಯುತ್ತಾರೆ. ತೆರೆದ ಕಿಟಕಿಯಿಂದ ಗುಡ್ಡದ ಹೊಗೆ ಒಳಗೆ ಬಂದಾಗ ಊರು ಕೆಡಿಸಿದವರು ಯಾರು ಎಂದು ಬೆರಳು ಎತ್ತ ಹೋಗುತ್ತದೆ? ಊರ ಹೊಲಸು ಹೊತ್ತವರನ್ನೇ ಹೊಲಸು ಅಂದ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಮೇನಲ್ಲಿ ಸರ್ಕಾರ ಗುಡ್ಡದವರಿಗೆ ಕಚ್ಚಾ ಕಲ್ಲಿದ್ದಲು ನಿಷೇಧಿಸಿ, ಒತ್ತಿ ಮಾಡಿದ ಇದ್ದಲು ಬಿಲ್ಲೆ ಕೊಟ್ಟಿತು. ಹೊಗೆ ಕಡಿಮೆಯೂ ಆಯಿತು. ಆ ಮೊದಲ ಚಳಿಗಾಲದಲ್ಲೇ ಕಾರ್ಬನ್ ಮೊನಾಕ್ಸೈಡ್ ಕುಡಿದು ಸತ್ತವರು ಗುಡ್ಡದವರು. ಸ್ಥಾವರ ಎಂದಿನ ಕಲ್ಲಿದ್ದಲನ್ನೇ ಸುಡುತ್ತಿತ್ತು.

'ಅಗತ್ಯ' ಎಂಬುದು ಬಲ್ಲಿದರಿಗೆ ಬಹಳ ಇಷ್ಟವಾದ ಪದ. ಹಾಗಾದರೆ ನಿಜವಾದ ಅಗತ್ಯದ ಗುರುತೇನು? ಬಾಬಾಸಾಹೇಬರೇ ಈ ಇಕ್ಕಟ್ಟಿನಲ್ಲಿ ನಿಂತವರು. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಕಲ್ಲಿದ್ದಲು ಗಣಿ ಕಾರ್ಮಿಕರ ಹೊಣೆ ಅವರದಾಗಿತ್ತು, ಗಣಿಗೆ ತಾವೇ ಇಳಿದು ನೋಡಿದರು. ಯುದ್ಧಕಾಲದ ಕಲ್ಲಿದ್ದಲು ಕೊರತೆಯಲ್ಲಿ, 1943ರಲ್ಲಿ, ಹೆಂಗಸರು ನೆಲದಡಿ ದುಡಿಯಬಾರದೆಂಬ ನಿಷೇಧವನ್ನು ಸರ್ಕಾರ ಸಡಿಲಿಸಿತು. ತುರ್ತಿನ ಕ್ರಮವೆಂದು ಶಾಸನ ಸಭೆಯಲ್ಲಿ ಅದಕ್ಕೆ ಉತ್ತರ ಕೊಟ್ಟವರು ಬಾಬಾಸಾಹೇಬರೇ. ಇದನ್ನು ಮುಚ್ಚಿಡುವ ಅಭಿಮಾನಿಗಳಿದ್ದಾರೆ, ನಾನು ಮುಚ್ಚಿಡುವುದಿಲ್ಲ. ಯಾಕೆಂದರೆ 1946ರಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಆ ಅಗತ್ಯಕ್ಕೆ ಒಂದು ಕೊನೆ ಇತ್ತು.

ಬಾಯ್ಲರ್ ಕೆಲಸದವರಿಗೆ ಇದು ಬೇಗ ತಿಳಿಯುತ್ತದೆ. ಉರಿಯುವ ಬಾಯ್ಲರನ್ನು ರಿಪೇರಿ ಮಾಡಲಾಗದು. ಉಲಾನ್‌ಬಾತರ್‌ನವರಿಗೆ ದೊಡ್ಡ ರಿಪೇರಿಗೆ ಬೇಸಿಗೆಯ ನಾಲ್ಕು ತಿಂಗಳು ಬಿಟ್ಟರೆ ಬೇರೆ ಸಮಯವಿಲ್ಲ. ಹಾಗಾಗಿ ಜನವರಿಯಲ್ಲಿ ಉರಿಸಿದವನನ್ನು ನಾನು ಕೇಳುವುದಿಲ್ಲ. ಜುಲೈಯಲ್ಲಿ ಏನು ಮಾಡಿದಿರಿ ಎಂದು ಕೇಳುತ್ತೇನೆ. ಹೊಸ ಪೈಪು ಗುಡ್ಡದ ಕಡೆ ಎಷ್ಟು ಹೋಯಿತು? ಐದನೆಯ ಸ್ಥಾವರದ ಮಾತು ವರ್ಷಗಟ್ಟಲೆ ಯಾಕೆ ಮಾತಾಗಿಯೇ ಉಳಿಯಿತು? ಜುಲೈಗಳು ಸುಮ್ಮನೆ ಕಳೆದಿದ್ದರೆ, ಮುಂದಿನ ಜನವರಿಯ ಅಗತ್ಯದೊಳಗೆ ಯಾರದೋ ಇಚ್ಛೆ ಸೇರಿಕೊಂಡಿರುತ್ತದೆ.

ಈ ಭಾನುವಾರ ಹುಡುಗಿಗೆ ಇಷ್ಟು ಹೇಳಿದೆ. ಅವಳು ಕೇಳಿಕೊಂಡು ಅಂದಳು, "ನಿಮ್ಮಲ್ಲಿನೂ ವರ್ಷಾ ಓವರ್‌ಹಾಲ್ ಇರ್ತಿತ್ತಲ್ರಿ ಕಾಕಾ. ಆವಾಗ ನೀವೇನ್ ಮಾಡಿದ್ರಿ?"

ಹೇಳಿಬಿಡುತ್ತೇನೆ. ಓವರ್‌ಹಾಲ್ ತಿಂಗಳಲ್ಲಿ ಬಾಯ್ಲರ್ ಒಳಗೆ ಇಳಿದು ಬೂದಿ ತೆಗೆಯುತ್ತಿದ್ದವರು ಗುತ್ತಿಗೆಯವರು. ಬಹುತೇಕ ನಮ್ಮ ಕೇರಿಯವರೇ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ನಾನು ಪರ್ಮನೆಂಟ್, ಎರಡು ಅವಧಿ ಯೂನಿಯನ್ ಕಮಿಟಿಯಲ್ಲಿದ್ದೆ. ಬೋನಸ್ ಕೇಳಿದೆವು, ಕ್ವಾರ್ಟರ್ಸ್ ಕೇಳಿದೆವು. ಅವರಿಗೆ ಮಾಸ್ಕ್ ಕೊಡಿ ಎಂದು ಒಂದು ಕಾಗದವನ್ನೂ ನಾನು ಬರೆಯಲಿಲ್ಲ. ಅವರು ಯೂನಿಯನ್ನಿನ ಸದಸ್ಯರಲ್ಲ, ಎಂಬುದೇ ಆಗ ನನಗೆ ಸಾಕಾಗಿತ್ತು.

ಅವರಲ್ಲಿ ಒಬ್ಬರು ಈಗ ವಿಹಾರದಲ್ಲಿ ನನ್ನ ಪಕ್ಕದಲ್ಲೇ ಕುಳಿತು ವಂದನೆ ಹೇಳುತ್ತಾರೆ. ತ್ರಿಶರಣದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವರಿಗೆ ಉಸಿರು ಸಾಲುವುದಿಲ್ಲ, ನಾವೆಲ್ಲ ಸ್ವಲ್ಪ ನಿಂತು ಅವರು ಮುಗಿಸುವವರೆಗೆ ಕಾಯುತ್ತೇವೆ.

ಭವತು ಸಬ್ಬ ಮಂಗಲಂ. ಜೈ ಭೀಮ್.